ಫ್ಲೀಟ್ ಸಾಹೇಬರ ಲೇಖನ, ಬಾಗೇವಾಡಿಯ ಉತ್ತರ

ಕನ್ನಡ ನಾಡಿನ ಇತಿಹಾಸವನ್ನು ಕಲ್ಲು ಮತ್ತು ತಾಮ್ರಪಟಗಳ ಆಧಾರದಿಂದ ಕಟ್ಟಿಕೊಟ್ಟ ವಿದೇಶೀ ವಿದ್ವಾಂಸರಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ ಅವರಿಗೆ ಅಗ್ರಸ್ಥಾನವಿದೆ. ಕದಂಬ, ಚಾಲುಕ್ಯ, ರಾಷ್ಟ್ರಕೂಟರ ವಂಶಾವಳಿಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಈ ಹೆಸರು ತಿಳಿದಿರಲಿಕ್ಕಿಲ್ಲ. ಆದರೆ ಆ ವಂಶಾವಳಿಗಳಿಗೆ ಮೊದಲು ವ್ಯವಸ್ಥಿತ ರೂಪ ಕೊಟ್ಟವರಲ್ಲಿ ಅವರು ಪ್ರಮುಖರು. ಇದೇ ಫ್ಲೀಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬರೆದ ಒಂದು ಲೇಖನವು ಬಸವಣ್ಣನವರ ಐತಿಹಾಸಿಕ ಸ್ಥಾನವನ್ನೇ ಪ್ರಶ್ನೆಗೆ ಒಡ್ಡಿತು. ಲೇಖನವೊಂದನ್ನು ವಿಮರ್ಶಿಸುವುದು ಹೇಗೆ ಎಂಬುದನ್ನು ಒಂದು ತಲೆಮಾರಿಗೆ ಕಲಿಸಿದ ವ್ಯಕ್ತಿಯ ಲೇಖನವೇ ಮುಂದಿನ ತಲೆಮಾರಿನ ವಿಮರ್ಶೆಗೆ ವಸ್ತುವಾದದ್ದು ಅವರ ಬದುಕಿನ ಕುತೂಹಲಕರ ಅಧ್ಯಾಯ.

ಈ ಪ್ರಶ್ನೆಯ ತೂಕ ತಿಳಿಯಬೇಕಾದರೆ ಇಂದಿನ ವಿಜಯಪುರ ಜಿಲ್ಲೆಯ ನಕ್ಷೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳವೆಂದು ಹೆಸರಾದ ಊರು. ಅದೇ ಸೀಮೆಯ ಇಂಗಳೇಶ್ವರವೂ ಅವರ ಬಾಲ್ಯದ ಕಥೆಗಳೊಂದಿಗೆ ಬೆಸೆದುಕೊಂಡಿದೆ. ಮುದ್ದೇಬಿಹಾಳ ಸೀಮೆಯಲ್ಲಿ ಕೃಷ್ಣೆಯ ದಡದ ತಂಗಡಗಿಯಲ್ಲಿ ನೀಲಾಂಬಿಕೆಯ ಐಕ್ಯಸ್ಥಳವಿದೆ. ಸಿಂದಗಿ ಸೀಮೆಯ ದೇವರ ಹಿಪ್ಪರಗಿ ಮಡಿವಾಳ ಮಾಚಯ್ಯನ ಊರು. ಇಂಡಿ ಸೀಮೆಯ ಭೀಮಾ ತೀರದಲ್ಲಿರುವ ತದ್ದೇವಾಡಿ, ಹನ್ನೆರಡನೆಯ ಶತಮಾನದಲ್ಲಿ ಈ ಇಡೀ ಪ್ರದೇಶಕ್ಕೆ ಹೆಸರು ಕೊಟ್ಟಿದ್ದ ತರ್ದವಾಡಿ ಸಾಸಿರ ನಾಡಿನ ಮುಖ್ಯ ಸ್ಥಳ. ಶರಣರ ನೆನಪು ಇಲ್ಲಿ ಗ್ರಂಥದಲ್ಲಷ್ಟೇ ಉಳಿದದ್ದಲ್ಲ, ಊರಿನ ಹೆಸರಿನಲ್ಲಿ, ಜಾತ್ರೆಯಲ್ಲಿ, ಮಕ್ಕಳಿಗೆ ಇಡುವ ಹೆಸರಿನಲ್ಲಿ ಉಳಿದದ್ದು. ಇಂಥ ನಾಡಿಗೆ ಸಂಬಂಧಿಸಿದಂತೆ, ಹೊಸ ಶೈವ ಚಳವಳಿಯ ನಿಜವಾದ ನಾಯಕ ಬೇರೊಬ್ಬನಿರಬೇಕು ಎಂದು ಸರ್ಕಾರದ ಶಾಸನ ಪತ್ರಿಕೆಯಲ್ಲಿ ಅಚ್ಚಾದಾಗ ಅದಕ್ಕೆ ಉತ್ತರ ಕೊಡುವುದು ಹೇಗೆ?

ಕಂದಾಯ ಅಧಿಕಾರಿಯ ಕೈಗೆ ಕಲ್ಲು

ಫ್ಲೀಟ್ ಹುಟ್ಟಿದ್ದು 1847ರಲ್ಲಿ. ಲಂಡನ್ನಿನ ಮರ್ಚೆಂಟ್ ಟೇಲರ್ಸ್ ಶಾಲೆಯಲ್ಲಿ ಓದಿ, ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಆಯ್ಕೆಯಾದ ಮೇಲೆ ಯೂನಿವರ್ಸಿಟಿ ಕಾಲೇಜಿನಲ್ಲಿ ಥಿಯೊಡೋರ್ ಗೋಲ್ಡ್‌ಸ್ಟೂಕರ್ ಅವರ ಬಳಿ ಸಂಸ್ಕೃತ ಕಲಿತರು. 1867ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಬಂದಿಳಿದಾಗ ಅವರಿಗೆ ಇಪ್ಪತ್ತು ವರ್ಷ. ಸೇರಿದ್ದು ಕಂದಾಯ ಮತ್ತು ಆಡಳಿತ ಶಾಖೆಗೆ. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣ ನಿರೀಕ್ಷಕರಾದರು. ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಶ್ರಮಿಸುತ್ತಿದ್ದ ಕಾಲವದು. ಮುಂದೆ ಕೊಲ್ಲಾಪುರ ಮತ್ತು ದಕ್ಷಿಣ ಮರಾಠಾ ಸಂಸ್ಥಾನಗಳಲ್ಲಿಯೂ ಅವರು ಕೆಲಸ ಮಾಡಿದರು.

ಅಂದು ಬಿಜಾಪುರ ಎಂಬ ಹೆಸರಿನ ಜಿಲ್ಲೆ ಇನ್ನೂ ಇರಲಿಲ್ಲ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳೆಲ್ಲ ಕಲಾದಗಿ ಜಿಲ್ಲೆಗೆ ಸೇರಿದ್ದವು. 1885ರಲ್ಲಿ ಕೇಂದ್ರ ಬಿಜಾಪುರಕ್ಕೆ ಬಂದು ಜಿಲ್ಲೆಯ ಹೆಸರೂ ಬದಲಾಯಿತು. ಊರೂರಿನ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಶಾಸನದ ಕಲ್ಲುಗಳಿದ್ದ ಈ ಪ್ರದೇಶದಲ್ಲಿ ಅಧಿಕಾರಿಯೊಬ್ಬನಿಗೆ ಹಳಗನ್ನಡದ ಗೀಳು ಹಿಡಿದರೆ ಬಿಡುಗಡೆ ಸಿಗುವುದು ಕಷ್ಟ. ಫ್ಲೀಟ್ ಅವರಿಗೆ ಅದು ಹಿಡಿಯಿತು, ಜೀವಮಾನವಿಡೀ ಬಿಡಲಿಲ್ಲ.

1872ರಲ್ಲೇ ಜೇಮ್ಸ್ ಬರ್ಜೆಸ್ ಮುಂಬಯಿಯಲ್ಲಿ ‘ಇಂಡಿಯನ್ ಆಂಟಿಕ್ವರಿ’ ಮಾಸಿಕವನ್ನು ಆರಂಭಿಸಿದ್ದರು. ಅದರ ಮೊದಲ ಸಂಪುಟದಲ್ಲಿಯೇ ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭ ಶಾಸನದ ಬಗ್ಗೆ ಶಂಕರ ಪಾಂಡುರಂಗ ಪಂಡಿತರು ಬರೆದರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಈ ಶಾಸನ ಪಾವಿಟ್ಟಗೆ ಎಂಬ ಊರಿನಲ್ಲಿದ್ದ ಶಾಲೆಯನ್ನು, ವಿದ್ಯಾರ್ಥಿಗಳಿಗಾಗಿ ಬಿಟ್ಟ 27 ನಿವೇಶನಗಳನ್ನು, ದೀಪದೆಣ್ಣೆಗೆಂದು ಬಿಟ್ಟ ಭೂಮಿಯನ್ನು ಹೇಳುತ್ತದೆ. ಕಾಲು ಶತಮಾನದ ನಂತರ ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಅದೇ ಶಾಸನವನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಮರುಸಂಪಾದಿಸಿದರು. ಒಬ್ಬರ ಲೇಖನ ಇನ್ನೊಬ್ಬರಿಗೆ ಮೆಟ್ಟಿಲಾಗುವ ಈ ಪದ್ಧತಿಯಲ್ಲಿಯೇ ಫ್ಲೀಟ್ ಬೆಳೆದರು. ಅಲ್ಲಿ ತಿದ್ದುವುದು ಅವಮಾನವಾಗಿರಲಿಲ್ಲ, ಅದು ದಿನನಿತ್ಯದ ಕೆಲಸವಾಗಿತ್ತು.

ಅವರು ತಿದ್ದಿದವರಲ್ಲಿ ಮೊದಲಿಗರು ಸ್ವತಃ ಅವರೇ. ಐಹೊಳೆಯ ಮೇಗುತಿ ಗುಡಿಯಲ್ಲಿರುವ ರವಿಕೀರ್ತಿಯ ಶಾಸನವನ್ನು 1876ರಲ್ಲಿ ಪ್ರಕಟಿಸಿದ ಫ್ಲೀಟ್, ಮೂರು ವರ್ಷಗಳ ನಂತರ ಅದನ್ನು ಮತ್ತೆ ಪರಿಷ್ಕರಿಸಿ ಅಚ್ಚು ಹಾಕಿಸಿದರು. ಇಮ್ಮಡಿ ಪುಲಿಕೇಶಿಯ ದಿಗ್ವಿಜಯಗಳಿಗೆ ಇಂದಿಗೂ ಮುಖ್ಯ ಆಧಾರವಾಗಿರುವ ಆ ಶಾಸನ 1900ರ ಸುಮಾರಿಗೆ ಕೀಲ್‌ಹಾರ್ನ್ ಅವರ ಕೈಯಲ್ಲಿ ಮತ್ತೊಂದು ಪರಿಷ್ಕರಣ ಕಂಡಿತು.

ಓದಿದ್ದು ಬೇರೆ, ಊಹಿಸಿದ್ದು ಬೇರೆ

ಫ್ಲೀಟ್ ಅವರಿಗಿಂತ ಮೊದಲು ವಾಲ್ಟರ್ ಎಲಿಯಟ್ ಈ ಭಾಗದ ನೂರಾರು ಶಾಸನಗಳ ಕೈಬರಹದ ಪ್ರತಿಗಳನ್ನು ಸಂಗ್ರಹಿಸಿದ್ದರು. ಆ ಸಂಗ್ರಹದ ಉಪಕಾರ ದೊಡ್ಡದು. ಆದರೆ ಕಲ್ಲನ್ನು ನೋಡಿ ಬರೆದುಕೊಂಡ ಲಿಪಿಕಾರನು ಅಕ್ಷರ ಮಾಸಿದ ಕಡೆ ತನಗೆ ತೋಚಿದ್ದನ್ನು ತುಂಬಿದ್ದರೆ ಅದು ಓದುಗನಿಗೆ ತಿಳಿಯುವ ಬಗೆ ಯಾವುದು? ಫ್ಲೀಟ್ ಅವರ ತಲೆಮಾರು ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ ಮಸಿ ಬಡಿದು ತೆಗೆಯುವ ಪಡಿಯಚ್ಚಿಗೆ ಪ್ರಾಧಾನ್ಯ ಕೊಟ್ಟದ್ದು ಈ ಕಾರಣಕ್ಕೆ. ಪಡಿಯಚ್ಚು ಯಾರ ಪಕ್ಷವನ್ನೂ ವಹಿಸುವುದಿಲ್ಲ.

ಅವರ ಲೇಖನದ ಕಟ್ಟು ಕೂಡ ಗಮನಿಸತಕ್ಕದ್ದು. ಮೊದಲು ಕಲ್ಲು ಎಲ್ಲಿದೆ, ಎಷ್ಟು ಎತ್ತರ, ಎಷ್ಟು ಸಾಲು, ಲಿಪಿ ಯಾವ ಕಾಲದ್ದು, ಭಾಷೆ ಯಾವುದು ಎಂಬ ವಿವರ. ನಂತರ ಶಾಸನದ ಸಾರ, ತೇದಿಯ ಪರೀಕ್ಷೆ, ಊರುಗಳ ಗುರುತು. ಆಮೇಲೆ ಸಾಲುಸಾಲಾಗಿ ಮೂಲಪಾಠ. ಸಂದೇಹವಿರುವ ಅಕ್ಷರಕ್ಕೆ ಕಂಸ, ಕೆಳಗೆ ಅಡಿಟಿಪ್ಪಣಿ. ಕೊನೆಗೆ ಅನುವಾದ. ಈ ಕಟ್ಟಿನ ಬಲವೆಂದರೆ ಲೇಖಕನ ತೀರ್ಮಾನವನ್ನು ಒಪ್ಪದವನಿಗೂ ಬೇಕಾದ ಸಾಮಗ್ರಿ ಅದರೊಳಗೇ ಇರುತ್ತದೆ. ತನ್ನ ಎದುರಾಳಿಗೆ ಆಯುಧವನ್ನು ತಾನೇ ಒದಗಿಸಿ ಕೊಡುವ ಬರಹವಿದು. ಮೂಲಪಾಠ ಬಚ್ಚಿಟ್ಟು ತೀರ್ಮಾನವನ್ನಷ್ಟೇ ಮುಂದಿಡುವ ಲೇಖನವನ್ನು ಹೊಗಳಬಹುದು ಅಥವಾ ಬೈಯಬಹುದು, ವಿಮರ್ಶಿಸಲು ಬರುವುದಿಲ್ಲ.

1882ರಲ್ಲಿ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಅರಸು ಮನೆತನಗಳ ಕುರಿತು ಅವರ ಗ್ರಂಥ ಹೊರಬಂತು. 1896ರಲ್ಲಿ ಅದೇ ಗ್ರಂಥ ಬಹಳಷ್ಟು ಹಿಗ್ಗಿ, ತಿದ್ದುಪಡಿಯಾಗಿ ಮುಂಬಯಿ ಗೆಝೆಟಿಯರ್‌ನ ಭಾಗವಾಯಿತು. 1883ರಿಂದ 1886ರವರೆಗೆ ಅವರು ಭಾರತ ಸರ್ಕಾರದ ಶಾಸನ ತಜ್ಞರಾಗಿದ್ದರು. ಆ ಹುದ್ದೆಗೆ ನೇಮಕಗೊಂಡ ಮೊದಲಿಗರು ಅವರೇ.

ಈ ಅವಧಿಯ ದೊಡ್ಡ ಫಲ 1888ರ ಗುಪ್ತ ಶಾಸನಗಳ ಸಂಪುಟ. ಗುಪ್ತ ಶಕೆ ಯಾವಾಗ ಆರಂಭವಾಯಿತು ಎಂಬುದರ ಬಗ್ಗೆ ಆಗ ವಿದ್ವಾಂಸರಲ್ಲಿ ಏಕಮತವಿರಲಿಲ್ಲ. ಎಡ್ವರ್ಡ್ ಥಾಮಸ್ ಅದನ್ನು ಶಾಲಿವಾಹನ ಶಕೆಯ ಕಾಲಕ್ಕೆ ಒಯ್ದರೆ, ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಕ್ರಿ.ಶ. 166ರ ಸುಮಾರಿಗೆ ಇಟ್ಟಿದ್ದರು. ಫ್ಲೀಟ್ ಮಂದಸೋರ್‌ನ ಶಾಸನವನ್ನು ಮುಂದಿಟ್ಟರು. ಅದರಲ್ಲಿ ಕುಮಾರಗುಪ್ತನ ಆಳ್ವಿಕೆಗೆ ಮಾಳವ ಗಣದ 493ನೆಯ ವರ್ಷ ಹೇಳಿತ್ತು. ಅಂದರೆ ಕ್ರಿ.ಶ. 436ರ ಸುಮಾರು. ಅರಸನೊಬ್ಬನ ಕಾಲ ಹೀಗೆ ಬೇರೊಂದು ಶಕೆಯಿಂದ ನಿಂತ ಮೇಲೆ ಗುಪ್ತ ಶಕೆಯ ಆರಂಭ 319–20ಕ್ಕೆ ಬಂದು ನಿಲ್ಲಲೇಬೇಕಾಯಿತು. ಅಷ್ಟಕ್ಕೇ ಬಿಡದೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದರು. ಎರಣ್‌ನ ಬುಧಗುಪ್ತನ ಶಾಸನದಲ್ಲಿ 165ನೆಯ ವರ್ಷದ ಆಷಾಢ ಶುದ್ಧ ದ್ವಾದಶಿ, ಗುರುವಾರ ಎಂದಿದೆ. ಮರಾಠಿ ಖಗೋಳ ಗಣಿತಜ್ಞ ಶಂಕರ ಬಾಳಕೃಷ್ಣ ದೀಕ್ಷಿತರು ಲೆಕ್ಕ ಹಾಕಿದಾಗ ಅದು ಕ್ರಿ.ಶ. 484ರ ಜೂನ್ 21, ಗುರುವಾರಕ್ಕೆ ಸರಿಹೊಂದಿತು. ತಮಗೆ ಸಾಲದ ವಿದ್ಯೆಯನ್ನು ಬಲ್ಲವರಿಂದ ಪಡೆದು, ಪಡೆದುದನ್ನು ಅವರ ಹೆಸರಿನಲ್ಲಿಯೇ ಗ್ರಂಥದಲ್ಲಿ ಸೇರಿಸಿದ್ದು ಗಮನಾರ್ಹ.

ಇದರ ನಡುವೆ ಲಾವಣಿಗಳ ಸಂಗ್ರಹ ಬೇರೆ. 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯ ಸಂಪಾದಕರಲ್ಲಿ ಒಬ್ಬರಾಗಿದ್ದ ಅವರು ಅದೇ ಪತ್ರಿಕೆಯಲ್ಲಿ ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿ ಬೇಡರ ಕಾಳಗ, ಸಂಗ್ಯಾನ ಕೊಲೆ ಮುಂತಾದ ಕನ್ನಡ ಲಾವಣಿಗಳನ್ನು ಅನುವಾದ ಸಹಿತ ಪ್ರಕಟಿಸಿದರು. ಕಂಪನಿ ಸರ್ಕಾರ ಗಲ್ಲಿಗೇರಿಸಿದವರ ಹಾಡನ್ನು ರಾಣಿ ಸರ್ಕಾರದ ಅಧಿಕಾರಿಯೊಬ್ಬರು ಕಾಪಿಟ್ಟರು ಎಂಬುದು ಇತಿಹಾಸದ ವಿನೋದ. ಕನ್ನಡ ಜಾನಪದದ ಅಭ್ಯಾಸಿಗಳು ಇಂದಿಗೂ ಅವರನ್ನು ನೆನೆಯುವುದು ಮುಖ್ಯವಾಗಿ ಈ ಕೆಲಸಕ್ಕೆ.

ಕಟುವಾದ ವಿಮರ್ಶಕ

1897ರಲ್ಲಿ ನಿವೃತ್ತರಾಗಿ ಫ್ಲೀಟ್ ಇಂಗ್ಲೆಂಡಿಗೆ ಮರಳಿದರು. ಅವರ ಅತ್ಯಂತ ಕಠಿಣ ವಿಮರ್ಶೆಗಳು ಹೆಚ್ಚಾಗಿ ಈ ಕಾಲದವು. ಮೈಸೂರು ಸಂಸ್ಥಾನದಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ಹೊರತರುತ್ತಿದ್ದ ಬಿ.ಎಲ್. ರೈಸ್ ಅವರು ಗಂಗ ಅರಸರ ತಾಮ್ರಪಟಗಳನ್ನು ನಂಬಿ ಆ ವಂಶದ ದೀರ್ಘ ಇತಿಹಾಸವನ್ನು ಕಟ್ಟಿದ್ದರು. ಫ್ಲೀಟ್ ಆ ಪಟಗಳಲ್ಲಿ ಹೆಚ್ಚಿನವು ಕೂಟ ಶಾಸನಗಳು, ಅಂದರೆ ನಂತರದ ಕಾಲದಲ್ಲಿ ಯಾರೋ ಹಳೆಯ ತೇದಿ ಹಾಕಿ ಸೃಷ್ಟಿಸಿದ ದಾನಪತ್ರಗಳು ಎಂದು ವಾದಿಸಿದರು. 1901ರಲ್ಲಿ ಕೂಟ ಶಾಸನಗಳ ಕುರಿತೇ ದೀರ್ಘ ಲೇಖನ ಬರೆದರು.

ಅವರ ಪರೀಕ್ಷೆಯ ಕ್ರಮ ಸರಳ, ಆದರೆ ನಿರ್ದಾಕ್ಷಿಣ್ಯ. ಪಟದಲ್ಲಿ ಹೇಳಿದ ಕಾಲಕ್ಕೂ ಅಕ್ಷರದ ರೂಪಕ್ಕೂ ತಾಳೆಯಿದೆಯೇ? ತಿಥಿ ಹೇಳಿದ ದಿನ ಆ ವಾರ ಬರುತ್ತದೆಯೇ? ಮೂರು ಶತಮಾನ ಹಿಂದಿನ ತೇದಿಯನ್ನು ಕಲ್ಪಿಸಿದವನಿಗೆ ವಾರವನ್ನು ಸರಿಯಾಗಿ ಹೊಂದಿಸುವುದು ಸುಲಭವಲ್ಲ. ಇನ್ನು ಆ ಕಾಲದಲ್ಲಿ ಇರಲು ಸಾಧ್ಯವೇ ಇಲ್ಲದ ಹೆಸರೇನಾದರೂ ನುಸುಳಿದೆಯೇ? ಮಡಿಕೇರಿಯ ತಾಮ್ರಪಟ ಇದಕ್ಕೆ ಪ್ರಸಿದ್ಧ ನಿದರ್ಶನ. ಅದರಲ್ಲಿರುವ 388 ಎಂಬ ವರ್ಷವನ್ನು ಶಕವರ್ಷವೆಂದು ಹಿಡಿದರೆ ಕ್ರಿ.ಶ. 466 ಆಗುತ್ತದೆ. ಆದರೆ ಅದರೊಳಗೆ ಅಕಾಲವರ್ಷ ಎಂಬ ಬಿರುದು ಬರುತ್ತದೆ. ಆ ಬಿರುದಿನ ರಾಷ್ಟ್ರಕೂಟ ಕೃಷ್ಣರಲ್ಲಿ ಮೊದಲನೆಯವನು ಆಳಿದ್ದು ಎಂಟನೆಯ ಶತಮಾನದ ಉತ್ತರಾರ್ಧದಲ್ಲಿ.

ರೈಸ್ ಸುಲಭವಾಗಿ ಸೋಲೊಪ್ಪುವವರಾಗಿರಲಿಲ್ಲ. 1909ರ ಗ್ರಂಥದಲ್ಲಿಯೂ ಅವರು ತಮ್ಮ ನಿಲುವನ್ನು ಬಿಡಲಿಲ್ಲ. ಇಬ್ಬರ ವಾದದಿಂದ ಲಾಭವಾದದ್ದು ಕರ್ನಾಟಕದ ಇತಿಹಾಸಕ್ಕೆ. ಗಂಗರ ಪಟಗಳಲ್ಲಿ ಎಲ್ಲವೂ ಅಸಲಿಯಲ್ಲ, ಎಲ್ಲವೂ ನಕಲಿಯೂ ಅಲ್ಲ ಎಂಬ ನಂತರದ ಇತಿಹಾಸಕಾರರ ಸಮತೂಕದ ನಿಲುವಿಗೆ ಈ ಜಗಳವೇ ಹಾದಿ ಮಾಡಿಕೊಟ್ಟಿತು. ಫ್ಲೀಟ್ ಅವರ ಕಟುತನ ಕೆಲವೊಮ್ಮೆ ಅತಿಯಾಗುತ್ತಿತ್ತು ಎಂಬುದು ನಿಜ. ಆದರೆ ಪೆನುಕೊಂಡದಲ್ಲಿ ದೊರೆತ ಗಂಗರ ತಾಮ್ರಪಟ ಕಣ್ಣಿಗೆ ಬಿದ್ದಾಗ, 1915ರಲ್ಲಿ, ಅದನ್ನು ಅಸಲಿಯೆಂದು ಒಪ್ಪಿ ಬರೆದವರೂ ಅವರೇ. ಆಗ ಅವರಿಗೆ 68ರ ಆಸುಪಾಸು. ಜೀವಮಾನದ ವಾದವೊಂದನ್ನು ಆ ವಯಸ್ಸಿನಲ್ಲಿ ಸಡಿಲಿಸಲು ಸಾಕ್ಷ್ಯದ ಮೇಲೆ ಗೌರವ ಬೇಕು.

‘ಕವಿರಾಜಮಾರ್ಗ’ದ ವಿಷಯದಲ್ಲಿಯೂ ಅವರು ಸುಮ್ಮನಿರಲಿಲ್ಲ. ಕೆ.ಬಿ. ಪಾಠಕರು 1898ರಲ್ಲಿ ಆ ಗ್ರಂಥವನ್ನು ಸಂಪಾದಿಸಿ, ನೃಪತುಂಗನೇ ಕರ್ತೃವೆಂದು ಹೇಳಿದ್ದರು. 1904ರಲ್ಲಿ ಫ್ಲೀಟ್ ಅದನ್ನು ಒಪ್ಪದೆ, ಅರಸನ ಆಶ್ರಯದ ಕವಿಯೊಬ್ಬನ ಕೃತಿಯದು ಎಂದು ವಾದಿಸಿದರು. ಕವಿಯ ಹೆಸರನ್ನು ಅವರು ಗುರುತಿಸಿದ ರೀತಿ ಮುಂದೆ ನಿಲ್ಲಲಿಲ್ಲ. ಆದರೂ ಅರಸನನ್ನೂ ಕವಿಯನ್ನೂ ಬೇರ್ಪಡಿಸಿ ನೋಡುವ ದೃಷ್ಟಿ ಉಳಿಯಿತು. ಶ್ರೀವಿಜಯನ ಹೆಸರು ಇಂದು ಪ್ರಚಾರದಲ್ಲಿರುವುದು ಆ ಚರ್ಚೆಯ ಮುಂದುವರಿಕೆಯಲ್ಲಿಯೇ.

ಅಬ್ಲೂರಿನ ಮೌನ

ಇಂಥ ಎಚ್ಚರದ ವಿದ್ವಾಂಸರು ಎಡವಿದ್ದೆಲ್ಲಿ? ‘ಎಪಿಗ್ರಾಫಿಯಾ ಇಂಡಿಕಾ’ದ 1898–99ರ ಐದನೆಯ ಸಂಪುಟದಲ್ಲಿ ಅವರು ಎರಡು ಊರುಗಳ ಶಾಸನಗಳನ್ನು ಪ್ರಕಟಿಸಿದರು. ಒಂದು ಬಾಗೇವಾಡಿ ತಾಲ್ಲೂಕಿನ ಮನಗೂಳಿ, ಇನ್ನೊಂದು ಇಂದಿನ ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯ ಅಬ್ಲೂರು.

ಮನಗೂಳಿಯ ಶಾಸನ ಬಿಜ್ಜಳನ ಕಾಲದ್ದು, 1161ರದು. ಗುಡಿ ಕಟ್ಟಿಸಿದ ಬಸವ ಎಂಬವನ ಹೆಸರೂ ಊರಿನ ಮಹಾಪ್ರಭುವಾಗಿದ್ದ ಮಾದಿರಾಜನ ಹೆಸರೂ ಅದರಲ್ಲಿವೆ. ಕಾಲ ಕೂಡುತ್ತದೆ, ಸೀಮೆ ಕೂಡುತ್ತದೆ, ಎರಡು ಹೆಸರುಗಳೂ ಕೂಡುತ್ತವೆ. ಅವಸರದ ಲೇಖಕನಿಗೆ ಇಷ್ಟು ಸಾಕಾಗಿತ್ತು. ಆದರೆ ಆ ಬಸವ ರೇವದಾಸನ ಮೊಮ್ಮಗ, ಚಂದಿರಾಜನ ಮಗ ಎಂದು ಕಲ್ಲೇ ಹೇಳುತ್ತದೆ. ಸಂಪ್ರದಾಯದ ಬಸವಣ್ಣನವರು ಮಾದರಸನ ಮಕ್ಕಳು. ಹೆಸರಿನ ಹೋಲಿಕೆಯೊಂದನ್ನು ನಂಬಿ ಇಬ್ಬರನ್ನು ಒಬ್ಬರನ್ನಾಗಿ ಮಾಡಲಾಗದು. ಮನಗೂಳಿಯ ಕಲ್ಲಿನ ಮುಂದೆ ಈ ಎಚ್ಚರ ನ್ಯಾಯವಾದದ್ದೇ.

ಅಬ್ಲೂರಿನ ಸೋಮೇಶ್ವರ ಗುಡಿಯ ಶಾಸನ ಸುಮಾರು 1200ರ ಕಾಲದ್ದು. ಆಳಂದದ ಏಕಾಂತದ ರಾಮಯ್ಯನೆಂಬ ಶಿವಭಕ್ತ ಜೈನರೊಂದಿಗೆ ಪಣ ತೊಟ್ಟು, ತಲೆಯನ್ನು ಕತ್ತರಿಸಿಕೊಂಡು ಮತ್ತೆ ಪಡೆದ ಕಥೆ, ಬಿಜ್ಜಳನಿಂದ ಜಯಪತ್ರ ಪಡೆದ ಸಂಗತಿ, ಗುಡಿಗೆ ದೊರೆತ ದಾನಗಳು ಅದರಲ್ಲಿವೆ. ಇಷ್ಟು ದೀರ್ಘವಾದ ಶಾಸನದಲ್ಲಿ ಬಸವಣ್ಣನವರ ಹೆಸರಿಲ್ಲ. ಈ ಮೌನ ಫ್ಲೀಟ್ ಅವರನ್ನು ಒಂದು ದೊಡ್ಡ ತೀರ್ಮಾನದ ಕಡೆಗೆ ಒಯ್ದಿತು. ಹನ್ನೆರಡನೆಯ ಶತಮಾನದ ಶೈವ ಪುನರುಜ್ಜೀವನದ ನಿಜವಾದ ಮುಂದಾಳು ಏಕಾಂತದ ರಾಮಯ್ಯನೇ ಇರಬೇಕು, ಬಸವ ಪುರಾಣ, ಚನ್ನಬಸವ ಪುರಾಣಗಳ ಕಥೆಗೆ ಐತಿಹಾಸಿಕ ಬೆಲೆ ಅಷ್ಟಾಗಿ ಇಲ್ಲ ಎಂಬ ಅಭಿಪ್ರಾಯಕ್ಕೆ ಅವರು ವಾಲಿದರು. ಫ್ಲೀಟ್ ಹೇಳಿದ್ದೆಂದ ಮೇಲೆ ಅದು ಇಂಗ್ಲಿಷಿನ ಆಕರ ಗ್ರಂಥಗಳಿಗೂ ಹರಿಯಿತು. ಮುಂಬಯಿ ಪ್ರಾಂತ್ಯದ ಜಾತಿ ಮತಗಳ ಬಗ್ಗೆ ಬರೆದ ಎಂಥೋವನ್ ಅವರಂಥವರು ಈ ಎರಡೂ ಶಾಸನಗಳನ್ನು ಉಲ್ಲೇಖಿಸಿ ಚರ್ಚಿಸಿದರು.

ಲೇಖನವನ್ನು ಇಂದು ನಿಧಾನವಾಗಿ ಓದಿದರೆ ಅದರ ಎರಡು ಭಾಗಗಳು ಬೇರೆಬೇರೆಯಾಗಿ ಕಾಣುತ್ತವೆ. ಶಾಸನದ ಪಾಠ, ಅದರ ಕಾಲ, ಊರುಗಳ ಗುರುತು ಇವೆಲ್ಲ ಗಟ್ಟಿ ನೆಲ. ಅಲ್ಲಿಂದ ಬಸವಣ್ಣನವರ ಪ್ರಶ್ನೆಗೆ ಹಾರಿದ ಜಾಗ ಮಾತ್ರ ಸಡಿಲ. ಅಬ್ಲೂರಿನ ಶಾಸನ ಹುಟ್ಟಿದ್ದು ರಾಮಯ್ಯನ ಮಹಿಮೆಯನ್ನೂ ಅವನ ಗುಡಿಗೆ ಬಿಟ್ಟ ದತ್ತಿಯನ್ನೂ ದಾಖಲಿಸಲು. ಕಲ್ಯಾಣದ ಇತರ ಶರಣರ ಪಟ್ಟಿ ಕೊಡುವ ಹೊಣೆ ಅದಕ್ಕೆ ಇರಲಿಲ್ಲ. ಹೊಲದ ಖರೀದಿ ಪತ್ರದಲ್ಲಿ ಪಕ್ಕದ ಊರಿನ ಗೌಡನ ಹೆಸರಿಲ್ಲವೆಂದು ಆತ ಇರಲೇ ಇಲ್ಲ ಎನ್ನಲಾದೀತೇ? ಮೌನ ಸಾಕ್ಷಿಯಾಗುವುದು ಮಾತು ಬರಲೇಬೇಕಾದ ಕಡೆ ಮಾತು ಬಾರದಿದ್ದಾಗ ಮಾತ್ರ.

ಇನ್ನೊಂದು ಕೊರತೆ ಲೇಖಕರದಲ್ಲ, ಕಾಲದ್ದು. ಅಂದು ಯುರೋಪಿನ ವಿದ್ವಾಂಸರ ಕೈಗೆ ಸುಲಭವಾಗಿ ಸಿಗುತ್ತಿದ್ದ ಸಾಮಗ್ರಿ ಎಂದರೆ ಬಾಸೆಲ್ ಮಿಶನ್ನಿನ ಜಿ. ವುರ್ತ್ ಅವರು ಇಂಗ್ಲಿಷಿಗೆ ತಂದ ಪುರಾಣಗಳು. ಪವಾಡಗಳಿಂದ ತುಂಬಿದ, ಘಟನೆಗೆ ಬಹಳ ನಂತರದ ಕೃತಿಗಳವು. ಬಸವಣ್ಣನವರ ಸ್ವಂತ ಮಾತುಗಳಾದ ವಚನಗಳು ಹೆಚ್ಚಾಗಿ ಮಠ ಮತ್ತು ಮನೆಗಳ ತಾಳೆಗರಿ ಕಟ್ಟುಗಳಲ್ಲಿಯೇ ಇದ್ದವು. ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂದದ್ದು 1923ರಲ್ಲಿ, ಅವರ ‘ಶಿವಾನುಭವ’ ಪತ್ರಿಕೆ ಆರಂಭವಾದದ್ದು 1926ರಲ್ಲಿ. ಫ್ಲೀಟ್ ಅವರ ಲೇಖನವನ್ನು ತೂಗುವವನು ಅವರ ಮೇಜಿನ ಮೇಲೆ ಏನಿತ್ತು, ಏನಿರಲಿಲ್ಲ ಎಂಬುದನ್ನೂ ತೂಗಬೇಕಾಗುತ್ತದೆ. ಆಳುವವರ ಕಡೆಯ ಬಿಳಿಯ, ಅದಕ್ಕೇ ಹೀಗೆ ಬರೆದ ಎಂದು ಹೇಳಿಬಿಡುವುದು ಸುಲಭವಾಗಿತ್ತು. ಲೇಖನದ ಬದಲು ಲೇಖಕನ ಜಾತಿ, ಊರು, ಉದ್ದೇಶಗಳನ್ನು ಕೆದಕುವ ಚಾಳಿ ನಮ್ಮಲ್ಲಿ ಇಂದಿಗೂ ಕಡಿಮೆಯಾಗಿಲ್ಲ. ಅಂಥ ಉತ್ತರದಿಂದ ಅಬ್ಲೂರಿನ ಲೇಖನದ ಒಂದು ಸಾಲೂ ಅಲುಗುತ್ತಿರಲಿಲ್ಲ.

ಕೊನೆಯ ದಿನಗಳು, ಅರ್ಜುನವಾಡದ ಕಲ್ಲು

ನಿವೃತ್ತಿಯ ನಂತರವೂ ಫ್ಲೀಟ್ ಅವರ ಲೇಖನಿ ನಿಲ್ಲಲಿಲ್ಲ. 1906ರಿಂದ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಗೌರವ ಕಾರ್ಯದರ್ಶಿಯಾಗಿದ್ದರು. 1912ರಲ್ಲಿ ಸೊಸೈಟಿಯ ಚಿನ್ನದ ಪದಕ ಅವರಿಗೆ ಸಂದಿತು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಇಂಗ್ಲಿಷಿಗೆ ಅನುವಾದಿಸಿ 1915ರಲ್ಲಿ ಪ್ರಕಟಿಸಿದಾಗ ಅದಕ್ಕೆ ಪೀಠಿಕೆ ಬರೆದವರು ಫ್ಲೀಟ್. 1917ರ ಫೆಬ್ರವರಿ 21ರಂದು ಅವರು ನಿಧನರಾದರು.

ಉತ್ತರ ಬಂದದ್ದು ಅದರ ನಂತರ. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ಯಾದವ ಅರಸ ಕನ್ನರನ ಕಾಲದ, ಶಕ 1182ರ, ಅಂದರೆ ಕ್ರಿ.ಶ. 1260ರ ಶಾಸನವೊಂದು ಇತ್ತು. ಬಸವಣ್ಣನವರ ಅಣ್ಣನ ವಂಶದಲ್ಲಿ ಬಂದ ಹಾಲಬಸವಿದೇವ ಎಂಬವರಿಗೆ ಸಂಬಂಧಿಸಿದ ದಾನವನ್ನು ಅದು ದಾಖಲಿಸುತ್ತದೆ. ವಂಶವನ್ನು ಹೇಳುವಾಗ ತರ್ದವಾಡಿ ನಾಡಿನ ನಡುವಣ ಬಾಗೇವಾಡಿ, ಅದರ ಒಡೆಯ ಮಾದಿರಾಜ, ಅವನ ಮಗ ಬಸವರಾಜ ಎಂದು ಊರು, ನಾಡು, ತಂದೆ ಮೂರನ್ನೂ ಹೆಸರಿಸುತ್ತದೆ. ಮನಗೂಳಿಯಲ್ಲಿ ತಾಳೆಯಾಗದೆ ಉಳಿದಿದ್ದ ತಂದೆಯ ಹೆಸರು ಇಲ್ಲಿ ಸಂಪ್ರದಾಯದ ಕಥೆಗೆ ತಾಳೆಯಾಯಿತು. ಇಲ್ಲಿ ವಾದ ನಿಂತಿರುವುದು ಮೌನದ ಮೇಲಲ್ಲ, ಬರೆದ ಅಕ್ಷರದ ಮೇಲೆ.

ಅರ್ಜುನವಾಡದ ಶಾಸನ ಸಂಪಾದಿತವಾಗಿ ಪ್ರಕಟವಾದದ್ದು 1931–32ರ ‘ಎಪಿಗ್ರಾಫಿಯಾ ಇಂಡಿಕಾ’ದ 21ನೆಯ ಸಂಪುಟದಲ್ಲಿ. ಅಬ್ಲೂರಿನ ಲೇಖನ ಬಂದಿದ್ದ ಅದೇ ಪತ್ರಿಕೆ, ಅದೇ ಕಟ್ಟು: ಕಲ್ಲಿನ ವಿವರ, ತೇದಿಯ ಪರೀಕ್ಷೆ, ಸ್ಥಳಗಳ ಗುರುತು, ಸಾಲುಸಾಲಿನ ಪಾಠ. ಅಬ್ಲೂರಿನ ಪಾಠವನ್ನು ಯಾರೂ ಅಳಿಸಬೇಕಾಗಲಿಲ್ಲ. ರಾಮಯ್ಯ ಐತಿಹಾಸಿಕ ವ್ಯಕ್ತಿ ಎಂಬ ಫ್ಲೀಟ್ ಅವರ ಮಾತು ಇಂದಿಗೂ ನಿಂತಿದೆ. ಬಿದ್ದದ್ದು ಆ ಪಾಠದಾಚೆಗೆ ಹಾರಿದ ಅನುಮಾನ ಮಾತ್ರ.

1260ರ ಶಾಸನವೂ ಬಸವಣ್ಣನವರ ಕಾಲಕ್ಕೆ ನೂರು ವರ್ಷ ಈಚಿನದು. ಅದು ಅವರ ಊರು ಮತ್ತು ವಂಶವನ್ನು ಹೇಳುತ್ತದೆಯೇ ಹೊರತು ಕಲ್ಯಾಣದ ಅನುಭವ ಮಂಟಪವನ್ನಾಗಲಿ ಕೊನೆಯ ದಿನಗಳನ್ನಾಗಲಿ ವಿವರಿಸುವುದಿಲ್ಲ. ಆ ಕಲ್ಲಿನಿಂದ ಎಲ್ಲವೂ ಸಿದ್ಧವಾಯಿತು ಎಂದು ಸಂಭ್ರಮಿಸುವವರು ಅಬ್ಲೂರಿನಲ್ಲಿ ಫ್ಲೀಟ್ ಮಾಡಿದ ತಪ್ಪನ್ನೇ ಇನ್ನೊಂದು ದಿಕ್ಕಿನಿಂದ ಮಾಡಿದಂತಾಗುತ್ತದೆ. ಸ್ವತಃ ಶಾಸನ ತಜ್ಞರಾಗಿದ್ದ ಪಿ.ಬಿ. ದೇಸಾಯಿಯವರು ಬಸವೇಶ್ವರರನ್ನೂ ಅವರ ಕಾಲವನ್ನೂ ಕುರಿತು ಬರೆದ ಇಂಗ್ಲಿಷ್ ಗ್ರಂಥವನ್ನು ಕರ್ನಾಟಕ ವಿಶ್ವವಿದ್ಯಾಲಯ 1968ರಲ್ಲಿ ಪ್ರಕಟಿಸಿತು. ಶಾಸನ, ವಚನ, ಪುರಾಣ ಎಲ್ಲವೂ ಒಂದೇ ಮೇಜಿನ ಮೇಲೆ ಬರುವ ಹೊತ್ತಿಗೆ ಅಬ್ಲೂರಿನ ಲೇಖನ ಅಚ್ಚಾಗಿ ಎಪ್ಪತ್ತು ವರ್ಷಗಳು ಸಮೀಪಿಸಿದ್ದವು.